ಹಳೆ ಮಾರುತಿಗೆ ಯಾವ ಸ್ಪಾರ್ಕ್ ಪ್ಲಗ್? ಸಾದಾ ಮತ್ತು ಇರಿಡಿಯಂ, ಮಲೆನಾಡ ಮಳೆಯಲ್ಲಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೆ ಮಾರುತಿ 800, ಓಮ್ನಿಗಳು ಇನ್ನೂ ಓಡುತ್ತಿವೆ. ಮಳೆ ಹಿಡಿದರೆ ಅವುಗಳದ್ದು ಒಂದೇ ದೂರು: ಇಂಜಿನ್ ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಉರಿಯದೆ ಇಂಜಿನ್ ಮುಗ್ಗರಿಸುವುದು. ಅದಕ್ಕೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗನ್ನೇ ಬದಲಿಸಿ, ಇರಿಡಿಯಂ ಲೋಹದ ತುದಿಯದ್ದು ಹಾಕಿಸಿ ಎನ್ನುವ ಸಲಹೆಯೂ ಸುಲಭವಾಗಿ ಸಿಗುತ್ತದೆ. ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಹಳೆ ಸಾಧನ) ಇರುವ ಇಂಥ ಗಾಡಿಗೆ ಆ ದುಡ್ಡು ದಂಡ. ನಿಕಲ್ ತುದಿಯ ಸಾದಾ ಪ್ಲಗ್ಗೇ ಸಾಕು. ಉಳಿಯುವ ಹಣವನ್ನು ಪ್ಲಗ್ ವೈರಿಗೂ, ಸಿಲಿಂಡರುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೂ (ಕ್ಯಾಪ್) ಹಾಕಿದರೆ ಗಾಡಿ ನಿಜಕ್ಕೂ ಸುಧಾರಿಸುತ್ತದೆ.

ಇರಿಡಿಯಂ ಕೆಟ್ಟದ್ದೆಂದಲ್ಲ. ಸಾದಾ ಪ್ಲಗ್ಗಿನ ನಡುವಿನ ಕಡ್ಡಿ ಸುಮಾರು 2.5 ಮಿ.ಮೀ. ದಪ್ಪ, ಇರಿಡಿಯಂನದ್ದು ಸುಮಾರು 0.6 ಮಿ.ಮೀ. ತುದಿ ಸಣ್ಣದಾದಷ್ಟೂ ಕಿಡಿ ಹಾರಲು ಬೇಕಾಗುವ ವೋಲ್ಟೇಜ್ ಕಡಿಮೆ. ನಿಕಲ್ 1,455 ಡಿಗ್ರಿಗೆ ಕರಗಿದರೆ ಇರಿಡಿಯಂ ಕರಗಲು 2,400 ಡಿಗ್ರಿ ದಾಟಬೇಕು, ಹಾಗಾಗಿ ಸವೆಯುವುದೂ ನಿಧಾನ. ಆದರೆ ನಮ್ಮ ಕಡೆಯ ಗಾಡಿಗಳಲ್ಲಿ ಪ್ಲಗ್ ಸವೆದು ಹೋಗುವ ಮೊದಲೇ ಮಸಿ ಹಿಡಿದು ಕೂರುತ್ತದೆ. ಪ್ಲಗ್ಗಿನ ಮೂತಿ 450ರಿಂದ 500 ಡಿಗ್ರಿ ಕಾದರೆ ಮಾತ್ರ ಅದರ ಮೇಲಿನ ಮಸಿ ತಾನೇ ಸುಟ್ಟುಹೋಗುತ್ತದೆ. ತಣ್ಣನೆಯ ಇಂಜಿನ್ನಿಗೆ ಪೆಟ್ರೋಲ್ ಪ್ರಮಾಣ ಹೆಚ್ಚಿಸುವ ಚೋಕ್ ಎಳೆದು ಮನೆಯಿಂದ ಹಾಲಿನ ಡೈರಿಗೆ, ಅಲ್ಲಿಂದ ಸೊಸೈಟಿಗೆ ಎಂದು ಎರಡೆರಡು ಕಿ.ಮೀ. ಓಡಿಸಿ ನಿಲ್ಲಿಸಿದರೆ ಅಷ್ಟು ಕಾಯುವುದೇ ಇಲ್ಲ. ಮಸಿಯಲ್ಲಿ ಕರೆಂಟ್ ಹರಿಯುತ್ತದೆ, ಕಿಡಿಯಾಗಬೇಕಾದದ್ದು ಪಿಂಗಾಣಿಯ ಮೇಲೆ ಜಾರಿ ಇಂಜಿನ್ನಿನ ಲೋಹಕ್ಕೆ ಇಳಿಯುತ್ತದೆ. ಇದು ಇರಿಡಿಯಂಗೂ ತಪ್ಪಿದ್ದಲ್ಲ. ಸಾದಾ ಪ್ಲಗ್ಗನ್ನು ಬ್ರಷ್ ಹಾಕಿ ತಿಕ್ಕಿ ಮತ್ತೆ ಕೂರಿಸಬಹುದು, ಇರಿಡಿಯಂನ ಎಳೆ ತುದಿಗೆ ತಂತಿ ಬ್ರಷ್ ತಾಗಿಸುವ ಹಾಗಿಲ್ಲ.

ಪ್ಲಗ್ ಕೊಳ್ಳುವ ಮೊದಲು ಮಿಸ್ಸಿಂಗ್ ಯಾವಾಗ ಬರುತ್ತದೆಂದು ಗಮನಿಸಿ. ಐಡಲಿನಲ್ಲಿ ಸರಿಯಿದ್ದು ಆಗುಂಬೆ ಘಾಟಿ ಹತ್ತುವಾಗ, ಅದೂ ತಿರುವು ದಾಟಿ ಆಕ್ಸಿಲೇಟರ್ ಒತ್ತಿದಾಗ ಮುಗ್ಗರಿಸಿದರೆ ಕಿಡಿಯ ಬಲ ಸಾಲುತ್ತಿಲ್ಲ ಎಂದರ್ಥ. ಏರಿನಲ್ಲಿ ಸಿಲಿಂಡರಿನೊಳಗೆ ಒತ್ತಡ ಹೆಚ್ಚು, ಪ್ಲಗ್ಗಿನ ಎರಡು ತುದಿಗಳ ನಡುವಿನ ಸಂದು (ಗ್ಯಾಪ್) ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಗ್ಯಾಪ್ ಸವೆದು ಅಗಲವಾಗಿದ್ದರೆ, ಅಥವಾ ವೈರಿನ ರಬ್ಬರ್ ಬಿರಿದಿದ್ದರೆ, ಕರೆಂಟ್ ಸುಲಭದ ದಾರಿ ಹಿಡಿಯುತ್ತದೆ. ಬೆಳಿಗ್ಗೆ ಮಾತ್ರ ಮಿಸ್ಸಿಂಗ್ ಇದ್ದು ಇಂಜಿನ್ ಕಾದ ಮೇಲೆ ಹೋದರೆ ಮೊದಲು ಕ್ಯಾಪ್ ಬಿಚ್ಚಿ ನೋಡಿ, ಒಳಗೆ ಥಂಡಿಯ ಪಸೆ ಇರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಒಳಗೋಡೆಯಲ್ಲಿ ಪೆನ್ಸಿಲ್ ಗೆರೆಯಂಥ ಕಪ್ಪು ಬಿರುಕು ಕಂಡರೆ ಕ್ಯಾಪ್ ಬದಲಿಸಿ. ಕತ್ತಲಾದ ಮೇಲೆ ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗ ವೈರುಗಳ ಮೇಲೆ ತೆಳ್ಳಗೆ ನೀರು ಸಿಂಪಡಿಸಿದರೆ ಸೋರುವ ಜಾಗದಲ್ಲಿ ನೀಲಿ ಕಿಡಿ ಕಾಣುತ್ತದೆ. ಕೈ ತಾಗಿಸಬೇಡಿ. ಕೊಟ್ಟಿಗೆ ಪಕ್ಕ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ಗುರುತನ್ನೂ ಹುಡುಕಿ.

ಯಾವ ಸಿಲಿಂಡರ್ ಎಂದು ಹಿಡಿಯುವುದು ಕಷ್ಟವಲ್ಲ. 800ರಲ್ಲಿ ಇರುವುದೇ ಮೂರು. ಇಂಜಿನ್ ನಿಲ್ಲಿಸಿ ಒಂದು ವೈರ್ ಕಿತ್ತು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಕಬ್ಬಿಣದ ಭಾಗ ಇಂಜಿನ್ನಿಗೆ ತಾಗುವಂತೆ ಭದ್ರವಾಗಿಟ್ಟು ಸ್ಟಾರ್ಟ್ ಮಾಡಿ. ವೈರನ್ನು ಸುಮ್ಮನೆ ಗಾಳಿಯಲ್ಲಿ ಬಿಟ್ಟರೆ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್ ಸುಡಬಹುದು. ಓಟ ಇನ್ನಷ್ಟು ಹದಗೆಟ್ಟರೆ ಆ ಸಿಲಿಂಡರ್ ಸರಿಯಿದೆ. ಏನೂ ಬದಲಾಗದಿದ್ದರೆ ಸತ್ತಿರುವುದು ಅದೇ. ಈಗ ಸತ್ತ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ತೊಂದರೆ ಪ್ಲಗ್ಗಿನ ಜೊತೆಗೇ ಹೋದರೆ ಮಾತ್ರ ಹೊಸ ಪ್ಲಗ್ ಕೊಳ್ಳಿ. ಅಲ್ಲೇ ಉಳಿದರೆ ವೈರ್, ಕ್ಯಾಪ್, ಅದೂ ಸರಿಯಿದ್ದರೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ, ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಗಾಡಿಯಲ್ಲಿ ಹೀಗೆ ವೈರ್ ಕಿತ್ತು ಓಡಿಸಬೇಡಿ, ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡುತ್ತದೆ.

ಬಿಚ್ಚಿದ ಪ್ಲಗ್ಗನ್ನು ಎಸೆಯದೆ ಬೆಳಕಿಗೆ ಹಿಡಿದು ನೋಡಿ. ತಿಳಿಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಚೋಕ್ ಪೂರ್ತಿ ಬಿಡುತ್ತಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ ನೋಡಬೇಕು. ಎಣ್ಣೆಯ ಜಿಡ್ಡು ಇದ್ದರೆ ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್ ಹೋಗಿದೆ, ಯಾವ ಪ್ಲಗ್ ಹಾಕಿದರೂ ತಿರುಗಿ ಅದೇ ಗತಿ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಗಾಡಿ ಓಡಿಸುವುದನ್ನೇ ನಿಲ್ಲಿಸಿ: ಪೆಟ್ರೋಲ್ ಸಾಲುತ್ತಿಲ್ಲ, ಟೈಮಿಂಗ್ ಮುಂದಿದೆ (ಕಿಡಿ ಬೇಕಾದ್ದಕ್ಕಿಂತ ಬೇಗ ಹಾರುತ್ತಿದೆ), ಇಲ್ಲವೇ ಪ್ಲಗ್ಗಿನ ನಂಬರೇ ತಪ್ಪು. ಹೊರಗಿನ ಬಿಳಿ ಪಿಂಗಾಣಿಯ ಬುಡದಲ್ಲಿ ಕಾಣುವ ಕಂದು ಉಂಗುರಕ್ಕೆ ಹೆದರಬೇಕಿಲ್ಲ. ಅದೇ ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಎಳೆದಿದ್ದರೆ ಪ್ಲಗ್ಗನ್ನೂ ಅದರ ಮೇಲಿನ ರಬ್ಬರ್ ಟೋಪಿಯನ್ನೂ ಒಟ್ಟಿಗೇ ಬದಲಿಸಬೇಕು.

ನಂಬರ್ ವಿಷಯದಲ್ಲಿ ಅಂಗಡಿಯಲ್ಲೇ ಎಡವಟ್ಟಾಗುತ್ತದೆ. ಎನ್‌ಜಿಕೆ ಕಂಪನಿಯದ್ದರಲ್ಲಿ ಅಂಕೆ ಏರಿದಷ್ಟೂ ಪ್ಲಗ್ ತಂಪು (ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು), ಬಾಷ್ ಕಂಪನಿಯದ್ದರಲ್ಲಿ ಅಂಕೆ ಏರಿದಷ್ಟೂ ಬಿಸಿ. ಒಂದರ ಅಂಕೆ ಹಿಡಿದು ಇನ್ನೊಂದನ್ನು ಕೇಳಬಾರದು, ಗಾಡಿಯ ಕೈಪಿಡಿಯ ನಂಬರನ್ನೇ ಕೊಡಿ. ಎನ್‌ಜಿಕೆ ಬಿಪಿಆರ್5ಇಎಸ್ ಎಂಬಲ್ಲಿ 5 ಎಂಬುದು ಶಾಖದ ಅಂಕೆ, 'ಆರ್' ಎಂದರೆ ಒಳಗೆ ರೆಸಿಸ್ಟರ್ ಇದೆ; ಮೀಟರ್ ಹಿಡಿದರೆ ಸುಮಾರು 5 ಕಿಲೋ ಓಮ್ ತೋರಬೇಕು. ಕೊನೆಯಲ್ಲಿ 11 ಎಂದಿದ್ದರೆ ಗ್ಯಾಪ್ 1.1 ಮಿ.ಮೀ. ಎಂದು, ಹಳೆ ಕಾರ್ಬುರೇಟರ್ ಗಾಡಿಗೆ ಅದು ಅತಿಯಾಯಿತು. ಇವಕ್ಕೆ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಸಾಕು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಹೊರಗಿನ ಕೊಕ್ಕೆಯನ್ನಷ್ಟೇ ಬಗ್ಗಿಸಿ.

ಕೂರಿಸುವಾಗ ಇಂಜಿನ್ ತಣ್ಣಗಿರಬೇಕು. ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಥ್ರೆಡ್ ಕಿತ್ತುಬರುತ್ತದೆ. ಗುಳಿಯ ಧೂಳು ಊದಿ ತೆಗೆದು, ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಪ್ಲಗ್ಗಿನ ತಲೆಗೆ ಗಿಡ್ಡ ರಬ್ಬರ್ ಪೈಪ್ ಸಿಕ್ಕಿಸಿಕೊಂಡರೆ ಅಡ್ಡ ಥ್ರೆಡ್ ಹತ್ತಿದ ಕೂಡಲೇ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ತಾಗಿದ ಮೇಲೆ ಹೊಸ ಪ್ಲಗ್ಗಿಗೆ ಪಾನದಲ್ಲಿ ಅರ್ಧ ಸುತ್ತಿನಿಂದ ಸುತ್ತಿನ ಮೂರನೇ ಎರಡು ಭಾಗದವರೆಗೆ, ಟಾರ್ಕ್ ಪಾನ ಇದ್ದರೆ 25ರಿಂದ 30 ನ್ಯೂಟನ್ ಮೀಟರ್. ಹಳೆ ಪ್ಲಗ್ಗಿನ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಅದಕ್ಕೆ ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು.