ಮಾವನವರ ಮುತ್ತಜ್ಜಿಯ ತವರು: ಬೈಬಲ್, ಜನಗಣತಿ, ಕ್ರಯಪತ್ರ, ಪಿಂಚಣಿ ಕಡತ – ಯಾವುದನ್ನು ನಂಬಬೇಕು?

ನನ್ನ ಗಂಡನ ಕಡೆಯವರು ಅಮೆರಿಕದ ಮಧ್ಯಪಶ್ಚಿಮದ ರೈತರು. ಓಹಾಯೋದಿಂದ ಇಂಡಿಯಾನಾಕ್ಕೆ, ಅಲ್ಲಿಂದ ಅಯೋವಾಕ್ಕೆ, ಅಗ್ಗದ ಜಮೀನು ಸಿಕ್ಕ ಕಡೆಗೆ ಸರಿಯುತ್ತ ಹೋದ ಮನೆತನ. ಆ ಮನೆಯ ಗಂಡಸರ ಸಾಲನ್ನು ಹಿಡಿಯುವುದು ದೊಡ್ಡ ಕೆಲಸವೇನಲ್ಲ. ತೆರಿಗೆ ಪಟ್ಟಿ, ಜಮೀನಿನ ಪತ್ರ, ಸೈನ್ಯದ ಪಟ್ಟಿ, ಎಲ್ಲದರಲ್ಲೂ ಅವರಿದ್ದಾರೆ. ಮಾವನವರ ಮುತ್ತಜ್ಜಿಯ ವಿಷಯಕ್ಕೆ ಬಂದರೆ ಮನೆಯವರಿಗೆ ಗೊತ್ತಿದ್ದದ್ದು ಆಕೆಯ ಮೊದಲ ಹೆಸರು, ಗಂಡನಿಂದ ಬಂದ ಉಪನಾಮ, ಅಯೋವಾದಲ್ಲಿರುವ ಸಮಾಧಿ ಇಷ್ಟೇ. ಯಾರ ಮಗಳು, ಯಾವ ಊರಿನವಳು ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತಿದ್ದರು. ಸೊಸೆಯಾಗಿ ಬಂದ ನನಗೆ ಆ ಮನೆಗೆ ಹಿಂದೆ ಸೊಸೆಯಾಗಿ ಬಂದವಳ ತವರು ಯಾವುದೆಂದು ತಿಳಿಯುವ ಹಟ ಹತ್ತಿತು.

ಹುಡುಕಾಟದಲ್ಲಿ ನಾನು ಬಳಸಿದ ದಾರಿಗಳನ್ನು ಇಲ್ಲಿ ಒಂದರ ಪಕ್ಕ ಒಂದಿಟ್ಟು ಹೇಳುತ್ತೇನೆ. ತೀರ್ಪು ಮೊದಲೇ ಹೇಳಿಬಿಡಬಹುದು: ಹತ್ತೊಂಬತ್ತನೇ ಶತಮಾನದ ಹೆಂಗಸಿನ ಬಗ್ಗೆ ಜಾಗ್ರತೆಯಿಂದ ಬರೆದಿರುವುದು ಅವಳ ಸಹಿ ಇಲ್ಲದೆ ಯಾರದೋ ಹಣವೋ ಜಮೀನೋ ಕೈಬದಲಾಗದಂಥ ಸಂದರ್ಭಗಳಲ್ಲಿ. ಉಳಿದೆಡೆ ಕೈಗೆ ಬಂದಂತೆ ಬರೆದಿದ್ದಾರೆ.

ಮೊದಲು ಮನೆಯ ಬೈಬಲ್ ಮತ್ತು ಸರ್ಕಾರದ ಜನಗಣತಿ. ಅಲ್ಲಿನ ಹಳೆಯ ಕುಟುಂಬಗಳ ದಪ್ಪ ಬೈಬಲ್‌ಗಳಲ್ಲಿ ಹಳೆಯ ಒಡಂಬಡಿಕೆಗೂ ಹೊಸ ಒಡಂಬಡಿಕೆಗೂ ನಡುವೆ ಜನನ, ಮದುವೆ, ಮರಣ ಬರೆಯಲು ಕೆಲವು ಹಾಳೆಗಳಿರುತ್ತವೆ. ಮಾವನವರ ಚಿಕ್ಕಪ್ಪನ ಮಕ್ಕಳ ಮನೆಯಲ್ಲಿ ಅಂಥದೊಂದು ಇತ್ತು. ಮುತ್ತಜ್ಜಿಯ ಜನನ 1833ರ ಫೆಬ್ರವರಿ ಎಂದು ಅದರಲ್ಲಿ ದುಂಡಗೆ ಬರೆದಿದೆ. ಮನೆಯವರಿಗೆ ಅದು ದೇವರ ವಾಕ್ಯದಷ್ಟೇ ಸತ್ಯ. ನಾನು ಮೊದಲು ತೆರೆದದ್ದು ಮುಖಪುಟದ ಹಿಂಬದಿಯನ್ನು. ಮುದ್ರಣವಾದ ವರ್ಷ 1868. ಅದಕ್ಕೆ ಹಿಂದಿನ ಎಲ್ಲ ದಿನಾಂಕಗಳೂ ಒಂದೇ ಶಾಯಿ, ಒಂದೇ ಕೈಬರಹ. ಅಂದರೆ ಆಗಾಗ ಬರೆದ ದಾಖಲೆಯಲ್ಲ, ಒಂದು ಸಂಜೆ ಕೂತು ನೆನಪಿನಿಂದ ಇಳಿಸಿದ ಪಟ್ಟಿ. ಜೊತೆಗೆ ಇನ್ನೊಂದು ತಮಾಷೆ. ಬೈಬಲ್ ಪ್ರಕಾರ ಮದುವೆ 1853ರ ಮಾರ್ಚ್‌ನಲ್ಲಿ; ಇಂಡಿಯಾನಾದ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಪುಸ್ತಕದ ಪ್ರಕಾರ ಅದೇ ವರ್ಷದ ಅಕ್ಟೋಬರ್‌ನಲ್ಲಿ. ಮೊದಲ ಮಗು ಹುಟ್ಟಿದ್ದು 1854ರ ಫೆಬ್ರವರಿಯಲ್ಲಿ. ಲೆಕ್ಕವನ್ನು ಓದುಗರೇ ಹಾಕಿಕೊಳ್ಳಲಿ.

ಹಾಗೆಂದು ಜನಗಣತಿ ಸಾಚಾ ಎಂದೇನೂ ಅಲ್ಲ. ಆಕೆಯ ವಯಸ್ಸು 1850ರಲ್ಲಿ 17, 1860ರಲ್ಲಿ 26, 1870ರಲ್ಲಿ 34, 1880ರಲ್ಲಿ 43. ಹತ್ತು ವರ್ಷಕ್ಕೊಮ್ಮೆ ಬಂದ ಗಣತಿದಾರನ ಎದುರು ಆಕೆಗೆ ಒಮ್ಮೆಯೂ ಹತ್ತು ವರ್ಷ ತುಂಬಲಿಲ್ಲ. 1900ರ ಗಣತಿ ಹುಟ್ಟಿದ ತಿಂಗಳನ್ನೂ ವರ್ಷವನ್ನೂ ಕೇಳಿತು. ಅಲ್ಲಿ 1836 ಎಂದಿದೆ. ಉತ್ತರ ಹೇಳಿದ್ದು ಆಕೆಯೋ, ಮಗನೋ, ಪಕ್ಕದ ಮನೆಯವರೋ ಗೊತ್ತಾಗುವುದಿಲ್ಲ. ಮಾಹಿತಿ ಕೊಟ್ಟವರು ಯಾರೆಂದು ಗುರುತು ಹಾಕುವ ಪದ್ಧತಿ ಬಂದದ್ದು 1940ರಲ್ಲಿ. ವಯಸ್ಸಿನ ವಿಷಯದಲ್ಲಿ ನನ್ನ ನಿಯಮ ಸರಳ: ಅತಿ ಹಳೆಯ ಗಣತಿಯನ್ನು ನಂಬುವುದು. ಹದಿನೇಳರ ಹುಡುಗಿಗೆ ವಯಸ್ಸು ಮುಚ್ಚಿಡುವ ಅಗತ್ಯವಿರಲಿಲ್ಲ. ಹೀಗೆ ನೋಡಿದರೆ ನೆನಪಿನಿಂದ ಬರೆದ ಬೈಬಲ್ಲೇ ಇಲ್ಲಿ ಗೆದ್ದಿತು.

ಮಕ್ಕಳ ವಿಷಯದಲ್ಲಿ ಗೆದ್ದದ್ದು ಗಣತಿ. ಬೈಬಲ್‌ನಲ್ಲಿರುವುದು ಐದು ಮಕ್ಕಳು. 1900ರ ಗಣತಿಯು ಹೆಂಗಸರನ್ನು ಎಷ್ಟು ಮಕ್ಕಳ ತಾಯಿ, ಎಷ್ಟು ಮಂದಿ ಬದುಕಿದ್ದಾರೆ ಎಂದು ಕೇಳಿತು. ಉತ್ತರ: ಆರು, ನಾಲ್ಕು. ಆ ಆರನೆಯ ಮಗುವಿನ ಸುಳಿವು ಸಿಕ್ಕಿದ್ದು ಮರಣ ಪಟ್ಟಿಯಲ್ಲಿ. 1850ರಿಂದ 1880ರವರೆಗಿನ ಗಣತಿಗಳ ಜೊತೆಗೆ, ಜೂನ್ 1ಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಸತ್ತವರ ಪ್ರತ್ಯೇಕ ಪಟ್ಟಿಯನ್ನೂ ತಯಾರಿಸುತ್ತಿದ್ದರು. 1860ರ ಪಟ್ಟಿಯಲ್ಲಿ ಅದೇ ಟೌನ್‌ಶಿಪ್ (ಕೌಂಟಿಯೊಳಗಿನ ಒಂದು ವಿಭಾಗ), ಅದೇ ಉಪನಾಮ, ಎಂಟು ತಿಂಗಳ ಹೆಣ್ಣುಮಗು. ತಂದೆತಾಯಿಯ ಹೆಸರು ಅಲ್ಲಿಲ್ಲ. ಆ ಟೌನ್‌ಶಿಪ್‌ನಲ್ಲಿ ಆ ಉಪನಾಮದ ಬೇರೆ ಮನೆ ಇರಲಿಲ್ಲವಾದ್ದರಿಂದ ಮಗು ಇವರದೇ ಎಂದುಕೊಂಡಿದ್ದೇನೆ.

ತವರಿನ ಪ್ರಶ್ನೆಗೆ ಮಾತ್ರ ಕೇಂದ್ರದ ಗಣತಿಯಿಂದ ಏನೂ ಪ್ರಯೋಜನವಾಗಲಿಲ್ಲ. 1790ರಿಂದ 1840ರವರೆಗೆ ಮನೆಯ ಯಜಮಾನನ ಹೆಸರನ್ನಷ್ಟೇ ಬರೆದರು. ಹೆಂಡತಿ ಮಕ್ಕಳು ವಯಸ್ಸಿನ ಅಂಕಣದ ಅಂಕಿಗಳು. 1850ರಲ್ಲಿ ಗುಲಾಮರಲ್ಲದ ಎಲ್ಲರ ಹೆಸರೂ ಬಂತು. ಆದರೆ ಯಾರು ಯಾರಿಗೆ ಏನಾಗಬೇಕು ಎಂದು 1880ರವರೆಗೆ ಕೇಳಲೇ ಇಲ್ಲ. 1850ರಲ್ಲಿ ಉದ್ಯೋಗದ ಅಂಕಣವೂ ಹದಿನೈದು ದಾಟಿದ ಗಂಡಸರಿಗೆ ಮೀಸಲು. ಇನ್ನು 1890ರ ಗಣತಿ 1921ರ ಜನವರಿ 10ರಂದು ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ ಬಿದ್ದ ಬೆಂಕಿಯಲ್ಲಿ ಹಾಳಾಯಿತು. ದೇಶಕ್ಕೆಲ್ಲ ಸೇರಿ ಉಳಿದದ್ದು ಸುಮಾರು 6,000 ಹೆಸರು. ವಿಧವೆಯಾಗಿ ಮಕ್ಕಳ ಮನೆಗಳ ನಡುವೆ ಓಡಾಡಿಕೊಂಡಿದ್ದವಳಿಗೆ 1880 ಮತ್ತು 1900ರ ನಡುವಿನ ಇಪ್ಪತ್ತು ವರ್ಷದ ಕಂದಕ ಸಣ್ಣದಲ್ಲ.

ಇಲ್ಲಿ ಕೈಹಿಡಿದದ್ದು ರಾಜ್ಯದ ಗಣತಿ. ಅಯೋವಾ ತನ್ನದೇ ಆದ ಗಣತಿಯನ್ನು 1885, 1895, 1905, 1915, 1925ರಲ್ಲಿ ಮಾಡಿತು. ಮೊದಲೆರಡು ಕಂದಕವನ್ನು ಮುಚ್ಚಿದವು: ಒಮ್ಮೆ ಅಳಿಯನ ಮನೆ, ಇನ್ನೊಮ್ಮೆ ಕಿರಿಯ ಮಗನ ಮನೆ. 1925ರದ್ದು ಮಾತ್ರ ಬೇರೆಯೇ ಮಟ್ಟದ್ದು. ಅದು ಪ್ರತಿಯೊಬ್ಬರನ್ನೂ ತಂದೆಯ ಹೆಸರು, ತಾಯಿಯ ತವರಿನ ಉಪನಾಮ, ಅವರು ಹುಟ್ಟಿದ ಸ್ಥಳ, ಅವರ ಮದುವೆ ನಡೆದ ಸ್ಥಳ ಎಲ್ಲವನ್ನೂ ಕೇಳಿತು. ಮುತ್ತಜ್ಜಿ ಆಗ ತೀರಿಕೊಂಡು ವರ್ಷಗಳಾಗಿದ್ದವು. ಆದರೆ 1862ರಲ್ಲಿ ಹುಟ್ಟಿದ ಆ ಕಿರಿಯ ಮಗ ಬದುಕಿದ್ದ, ಅಯೋವಾದಲ್ಲೇ ಇದ್ದ, ಬಾಯಿಬಿಟ್ಟು ಹೇಳಿದ್ದ. ಅವನ ಸಾಲಿನಲ್ಲಿ ತಾಯಿಯ ತವರಿನ ಉಪನಾಮ ಕಂಡಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಪೂರ್ವಜೆ ಸತ್ತ ಮೇಲೆ ಗಣತಿಯಲ್ಲಿ ಹುಡುಕುವುದನ್ನು ಬಿಡುವವರೇ ಹೆಚ್ಚು. ಅಯೋವಾಕ್ಕೆ ಸಂಬಂಧವಿದ್ದರೆ, ಆಕೆಯ ಮಕ್ಕಳಲ್ಲಿ ಒಬ್ಬರಾದರೂ 1925ರವರೆಗೆ ಬದುಕಿದ್ದರೇ ಎಂದು ಮೊದಲು ನೋಡಿ. ನೆರೆಯ ವಿಸ್ಕಾನ್ಸಿನ್, ಮಿನ್ನೆಸೋಟಾಗಳೂ ರಾಜ್ಯ ಗಣತಿ ನಡೆಸಿವೆ. ಹೆಂಗಸರ ಮಟ್ಟಿಗೆ ಅಯೋವಾದ 1925ಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ.

(ನಮ್ಮಲ್ಲಿ ಇಂಥ ಹುಡುಕಾಟದ ಮಾತೇ ಇಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿಯಲ್ಲಿ ಬರೆದದ್ದನ್ನು ಯಾರೂ ನೋಡುವಂತಿಲ್ಲ. ಅಮೆರಿಕದಲ್ಲಿ 72 ವರ್ಷ ಕಳೆದರೆ ಹೆಸರುಗಳು ತೆರೆದುಕೊಳ್ಳುತ್ತವೆ. 1950ರ ಗಣತಿ 2022ರ ಏಪ್ರಿಲ್‌ನಲ್ಲಿ ಹೊರಬಂತು.)

ಇದನ್ನೆಲ್ಲ ಎಲ್ಲಿ ಕೂತು ನೋಡಬೇಕು ಎಂಬುದು ಮುಂದಿನ ಪ್ರಶ್ನೆ. ಚಂದಾ ಕಟ್ಟುವ ಒಂದು ದೊಡ್ಡ ತಾಣವನ್ನೂ, ಉಚಿತವಾದ ಫ್ಯಾಮಿಲಿಸರ್ಚ್ ತಾಣವನ್ನೂ ಬಳಸಿದ್ದೇನೆ. ಎರಡರಲ್ಲೂ ಕಾಣುವ ಗಣತಿಯ ಹಾಳೆ ಒಂದೇ, ರಾಷ್ಟ್ರೀಯ ದಾಖಲೆಗಾರದ ಮೈಕ್ರೋಫಿಲ್ಮಿನ ಪ್ರತಿ. ವ್ಯತ್ಯಾಸವಿರುವುದು ಆ ಕೈಬರಹವನ್ನು ಓದಿ ಸೂಚಿ ಮಾಡಿದವರಲ್ಲಿ. ಒಂದೆಡೆ ಉಪನಾಮದ ಮೊದಲಕ್ಷರವನ್ನೇ ತಪ್ಪಾಗಿ ಓದಿ ಹೂತುಹಾಕಿದ್ದ ಮನೆ ಇನ್ನೊಂದೆಡೆ ಸಲೀಸಾಗಿ ಸಿಕ್ಕಿತು. ಹೆಂಗಸರಿಗೆ ಈ ತೊಂದರೆ ಎರಡುಪಟ್ಟು. ಮೇರಿಯನ್ನು ಪಾಲಿ ಎಂದೂ, ಸಾರಾಳನ್ನು ಸ್ಯಾಲಿ ಎಂದೂ, ಮಾರ್ಥಾಳನ್ನು ಪ್ಯಾಟ್ಸಿ ಎಂದೂ ಕರೆಯುವುದು ಆಗ ಸಾಮಾನ್ಯ. ಗಣತಿದಾರ ಕಿವಿಗೆ ಬಿದ್ದದ್ದನ್ನು ಬರೆದುಕೊಂಡ.

ಚಂದಾ ತಾಣ ಬಳಸಲು ಸುಖ. ಚಿತ್ರ ಬೇಗ ತೆರೆಯುತ್ತದೆ, ಹುಡುಕಾಟವನ್ನು ಊರು, ವಯಸ್ಸು, ಕುಟುಂಬದ ಇತರರ ಹೆಸರಿನಿಂದ ಜರಡಿ ಹಿಡಿಯಬಹುದು. ನನಗೆ ಸಿಟ್ಟು ಬರಿಸಿದ್ದು ಅದರ ಸಲಹೆಗಳು. ಬೇರೆಯವರು ಕಟ್ಟಿದ ವಂಶವೃಕ್ಷಗಳನ್ನು ನೋಡಿ, ಇವಳೇ ನಿಮ್ಮವಳು ಎಂದು ಅದು ಒಬ್ಬ ಕೆಂಟಕಿಯ ಹೆಂಗಸನ್ನು ಪದೇ ಪದೇ ಮುಂದಿಟ್ಟಿತು. ಮೊದಲ ಹೆಸರೊಂದು ಬಿಟ್ಟರೆ ಬೇರೇನೂ ಹೊಂದುತ್ತಿರಲಿಲ್ಲ. ಆದರೂ ಹತ್ತಾರು ಮಂದಿ ಒಬ್ಬರ ನೋಡಿ ಒಬ್ಬರು ಅವಳನ್ನು ತಮ್ಮ ವೃಕ್ಷಕ್ಕೆ ಅಂಟಿಸಿಕೊಂಡಿದ್ದರು. ಹತ್ತು ಜನ ನಕಲು ಮಾಡಿದರೆ ಹತ್ತು ಸಾಕ್ಷಿಯಾಗುವುದಿಲ್ಲ ಎಂದು ಗಂಡನ ಸೋದರತ್ತೆಗೆ ತಿಳಿಸಿ ಹೇಳಲು ನನಗೆ ಸಾಕಾಯಿತು. ಅವರು ಆ ಕೆಂಟಕಿ ಅಜ್ಜಿಯ ಹೆಸರಿನಲ್ಲಿ ಕೇಕಿನ ಪಾಕವಿಧಾನವನ್ನೂ ಹಂಚಿಬಿಟ್ಟಿದ್ದರು.

ಫ್ಯಾಮಿಲಿಸರ್ಚ್‌ನ ವಂಶವೃಕ್ಷ ಎಲ್ಲರಿಗೂ ಸೇರಿ ಒಂದೇ, ಯಾರು ಬೇಕಾದರೂ ತಿದ್ದಬಹುದು. ಅದರ ನಿಜವಾದ ಬೆಲೆ ವೃಕ್ಷದಲ್ಲಿಲ್ಲ. ಯಾರೂ ಸೂಚಿ ಮಾಡದೆ ಬಿದ್ದಿದ್ದ ಕೌಂಟಿ ಕೋರ್ಟಿನ ಕ್ರಯಪತ್ರ, ಉಯಿಲುಗಳ ಕೈಬರಹವನ್ನು ಕಂಪ್ಯೂಟರಿನಿಂದ ಓದಿಸಿ, ಪುಟದೊಳಗಿನ ಯಾವ ಹೆಸರನ್ನಾದರೂ ಹುಡುಕುವ ಸೌಲಭ್ಯವನ್ನು ಅವರು 2024ರಲ್ಲಿ ತಂದರು. ಹೆಂಗಸರನ್ನು ಹುಡುಕುವವರಿಗೆ ಇದು ದೊಡ್ಡ ಬದಲಾವಣೆ. ಹಳೆಯ ಸೂಚಿಗಳಲ್ಲಿ ಮಾರಿದವನ, ಕೊಂಡವನ ಹೆಸರಷ್ಟೇ ಇರುತ್ತಿತ್ತು. ಹೆಂಡತಿ ಪತ್ರದ ಒಡಲಲ್ಲಿ ಇರುತ್ತಾಳೆ. ಗಂಡ ಜಮೀನು ಮಾರಿದರೆ ಅದರಲ್ಲಿ ಆಕೆಗಿದ್ದ ಜೀವನಾಂಶದ ಹಕ್ಕನ್ನು, ಅಂದರೆ ಗಂಡ ಸತ್ತರೆ ವಿಧವೆಗೆ ಸಿಗಬೇಕಾದ ಪಾಲನ್ನು, ಬಿಟ್ಟುಕೊಡಬೇಕಿತ್ತು. ಅಂದಿನ ಓಹಾಯೋ ಪತ್ರಗಳಲ್ಲಿ, ಆಕೆಯನ್ನು ಗಂಡನಿಂದ ಬೇರೆಯಾಗಿ ಕರೆದು, ಇಷ್ಟಪಟ್ಟು ಸಹಿ ಮಾಡುತ್ತಿದ್ದೀಯಾ ಎಂದು ಅಧಿಕಾರಿ ವಿಚಾರಿಸಿದ ಷರಾ ಇರುತ್ತದೆ. ಅಯೋವಾದಿಂದ ಬಂದ ತವರಿನ ಉಪನಾಮವನ್ನೂ ಗಂಡನ ಉಪನಾಮವನ್ನೂ ಒಟ್ಟಿಗೆ ಕೊಟ್ಟು ಹುಡುಕಿದೆ. ಸಿಕ್ಕಿತು, ಓಹಾಯೋದ ಒಂದು ಕೌಂಟಿಯಲ್ಲಿ 1858ರ ಪತ್ರ. ತಂದೆ ತೀರಿಕೊಂಡ ಮೇಲೆ, ಇಂಡಿಯಾನಾದಲ್ಲಿದ್ದ ಮಗಳು ಮತ್ತು ಅಳಿಯ ತಮ್ಮ ಪಾಲನ್ನು ಅಣ್ಣನಿಗೆ ಬರೆದುಕೊಟ್ಟಿದ್ದಾರೆ. ಯಾರ ಮಗಳು, ಯಾರ ಹೆಂಡತಿ, ಎಲ್ಲಿ ವಾಸ, ಎಲ್ಲವೂ ಒಂದೇ ವಾಕ್ಯದಲ್ಲಿ. ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಕಂಡು ಬೆಳೆದ ನನಗೆ ಆ ವಾಕ್ಯದ ಧಾಟಿ ಬಲು ಪರಿಚಿತವೆನಿಸಿತು. 1850ರ ಗಣತಿಯಲ್ಲಿ ಆ ಮನೆಯ ಹದಿನೇಳರ ಹುಡುಗಿ ಮಗಳೋ ಕೆಲಸದವಳೋ ಎಂಬ ಅನುಮಾನ ಅಲ್ಲಿಗೆ ಮುಗಿಯಿತು.

ಎಲ್ಲಕ್ಕಿಂತ ದುಬಾರಿಯಾದದ್ದು ಪಿಂಚಣಿ ಕಡತ. ಆಕೆಯ ಗಂಡ ಅಂತರ್ಯುದ್ಧದಲ್ಲಿ ಇಂಡಿಯಾನಾ ಪಡೆಯ ಸಿಪಾಯಿ. 1864ರಲ್ಲಿ ಕಾಯಿಲೆಯಿಂದ ಸತ್ತ. 1862ರ ಕಾಯ್ದೆಯಂತೆ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್. 1866ರಿಂದ ಹದಿನಾರು ತುಂಬದ ಪ್ರತಿ ಮಗುವಿಗೆ ಇನ್ನೂ 2 ಡಾಲರ್. ಆ ಹಣ ಪಡೆಯಲು ಮದುವೆಯನ್ನೂ ಮಕ್ಕಳ ಹುಟ್ಟನ್ನೂ ಸಾಕ್ಷಿ ಸಮೇತ ರುಜುವಾತು ಮಾಡಬೇಕಿತ್ತು. ಮರುಮದುವೆಯಾದರೆ ಹಣ ನಿಲ್ಲುತ್ತಿತ್ತು. ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆಗಾರದಿಂದ ಪೂರ್ಣ ಕಡತದ ಪ್ರತಿ ತರಿಸಲು ನಾನು ಕೊಟ್ಟದ್ದು 80 ಡಾಲರ್, ಕಾದದ್ದು ವಾರಗಟ್ಟಲೆ. ಒಂದು ಪೈಸೆಯೂ ವ್ಯರ್ಥವಾಗಲಿಲ್ಲ. ಮದುವೆಯ ದೃಢೀಕೃತ ನಕಲು, ಹೆರಿಗೆಯ ವೇಳೆ ಜೊತೆಗಿದ್ದ ನೆರೆಯ ಹೆಂಗಸಿನ ಪ್ರಮಾಣ, ಮಕ್ಕಳ ಜನ್ಮದಿನಾಂಕಗಳು. ಅರ್ಜಿಯಲ್ಲಿ ವಯಸ್ಸು 31 ಎಂದಿದೆ. ಬೈಬಲ್‌ನ 1833ಕ್ಕೆ ತಾಳೆಯಾಗುತ್ತದೆ. ಸಹಿಯ ಜಾಗದಲ್ಲಿ ಗೀಟು. 1860ರ ಗಣತಿಯಲ್ಲಿ ಓದುಬರಹ ಬಾರದವರ ಅಂಕಣ ಆಕೆಯ ಸಾಲಿನಲ್ಲಿ ಖಾಲಿ ಇದೆ, ಅಂದರೆ ಅಕ್ಷರಸ್ಥೆ. ಎರಡರಲ್ಲಿ ನಾನು ನಂಬುವುದು ಗೀಟನ್ನು. ಗಣತಿದಾರ ಆ ಪ್ರಶ್ನೆಯನ್ನು ಕೇಳಿದ್ದನೋ ಇಲ್ಲವೋ!

ಇನ್ನುಳಿದ ಎರಡನ್ನು ಬೇಗ ಮುಗಿಸುತ್ತೇನೆ. ಸಮಾಧಿಗಳ ಚಿತ್ರ ಸಂಗ್ರಹಿಸುವ ತಾಣಗಳಿಂದ ಮರಣದ ದಿನ ಸಿಗುತ್ತದೆ, ತವರು ಸಿಗುವುದಿಲ್ಲ. ಕಲ್ಲನ್ನು ಎಷ್ಟೋ ವರ್ಷಗಳ ನಂತರ ನಿಲ್ಲಿಸಿರಬಹುದು ಎಂಬುದೂ ನೆನಪಿರಲಿ. ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿರುವ ಅಲೆನ್ ಕೌಂಟಿ ಸಾರ್ವಜನಿಕ ಗ್ರಂಥಾಲಯದ ವಂಶಾವಳಿ ಕೇಂದ್ರಕ್ಕೆ ಹೋಗುವುದು ಒಂದು ಸಂಭ್ರಮ. ಕೌಂಟಿ ಚರಿತ್ರೆಗಳ ಕಪಾಟು ಕಪಾಟೇ ಅಲ್ಲಿದೆ. ಆದರೆ ಆ ಚರಿತ್ರೆಗಳಲ್ಲಿ ಜಾಗ ಪಡೆದವರು ಹೆಚ್ಚಾಗಿ ಪುಸ್ತಕ ಕೊಳ್ಳಲು ಮುಂಗಡ ಕೊಟ್ಟ ಸ್ಥಿತಿವಂತರು. ತಿಂಗಳಿಗೆ ಎಂಟು ಡಾಲರಿನ ವಿಧವೆಗೆ ಅಲ್ಲಿ ಪುಟ ಸಿಗಲಿಲ್ಲ.

ಈಗ ಹೊಸದಾಗಿ ಆರಂಭಿಸುವವರಿಗೆ ನಾನು ಹೇಳುವ ಕ್ರಮ ಬೇರೆಯೇ. ಚಂದಾ ಕಟ್ಟಬೇಡಿ, ಇಂಥ ತಾಣಗಳ ಗ್ರಂಥಾಲಯ ಆವೃತ್ತಿ ಅಮೆರಿಕದ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪುಕ್ಕಟೆ. ಗಣತಿಯನ್ನು ಅಲ್ಲಿ ನೋಡಿ, ಕ್ರಯಪತ್ರಗಳನ್ನು ಫ್ಯಾಮಿಲಿಸರ್ಚ್‌ನಲ್ಲಿ ಹುಡುಕಿ, ಉಳಿದ ಹಣವನ್ನು ಪಿಂಚಣಿ ಕಡತಕ್ಕೆ ಇಡಿ. ಗಂಡ ಯುದ್ಧದಲ್ಲಿ ಸಾಯದೆ ಮರಳಿದ್ದರೂ ಅವನ ಹೆಸರಿನಲ್ಲೋ ಆಕೆಯ ಹೆಸರಿನಲ್ಲೋ ಕಡತ ಇರುವ ಸಾಧ್ಯತೆಯಿದೆ.

ನನ್ನ ಕೈಯಲ್ಲಿ ಈಗ ಉಳಿದಿರುವುದು ಆಕೆಯ ತಾಯಿಯ ಪ್ರಶ್ನೆ. 1850ರಲ್ಲಿ ಆ ಮನೆಯಲ್ಲಿದ್ದ ಹೆಂಗಸಿಗೆ 30 ವರ್ಷ, ಹುಡುಗಿಗೆ 17, ಮಲತಾಯಿಯೇ ಇರಬೇಕು. ಓಹಾಯೋದ ಕೌಂಟಿಗಳು ಮರಣ ಬರೆಯತೊಡಗಿದ್ದು 1867ರಲ್ಲಿ, ಹಾಗಾಗಿ ಹೆತ್ತ ತಾಯಿಯ ಸಾವು ಅಲ್ಲಿ ಸಿಗುವುದಿಲ್ಲ. 1850ಕ್ಕೆ ಹಿಂದೆ ಆ ತಂದೆ ಮಾರಿದ ಜಮೀನಿನ ಪತ್ರಗಳಲ್ಲಿ ಹಕ್ಕು ಬಿಟ್ಟುಕೊಟ್ಟ ಹೆಂಡತಿ ಯಾರೆಂದು ನೋಡುತ್ತಿದ್ದೇನೆ.