ಮೊಬೈಲ್ ಸ್ಲಾಟ್ ಆ್ಯಪ್‌ಗಳು: ಇಪ್ಪತ್ತೆರಡು ತಿಂಗಳು ಬಳಸಿದವನ ಕಿರ್ದಿ

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. 2023ರ ದೀಪಾವಳಿಯಿಂದ 2025ರ ಆಗಸ್ಟ್‌ವರೆಗೆ, ಸುಮಾರು ಇಪ್ಪತ್ತೆರಡು ತಿಂಗಳು, ಮೊಬೈಲಿನಲ್ಲಿ ಸ್ಲಾಟ್ (ಪಣವಿಟ್ಟು ಚಿತ್ರಗಳ ಚಕ್ರ ತಿರುಗಿಸಿ, ಒಂದೇ ಚಿತ್ರ ಸಾಲಾಗಿ ನಿಂತರೆ ಗೆಲ್ಲುವ ಜೂಜು) ಆಡುವ ನಾಲ್ಕು ಆ್ಯಪ್‌ಗಳನ್ನು ಬಳಸಿದ್ದೇನೆ. ಕಿರ್ದಿ ಬರೆದು ರೂಢಿಯಾದ ಕೈ ಆದ್ದರಿಂದ ಹಾಕಿದ ಹಣವನ್ನೂ ತೆಗೆದ ಹಣವನ್ನೂ ದಿನಾಂಕ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಹಾಕಿದ್ದು 1,86,400 ರೂಪಾಯಿ, ಬ್ಯಾಂಕ್ ಖಾತೆಗೆ ಮರಳಿ ಬಂದದ್ದು 71,250 ರೂಪಾಯಿ, ಹೋದದ್ದು 1,15,150 ರೂಪಾಯಿ. ಮಿಲ್ಲಿಗೆ ಲೋಡು ಇಳಿಸಲು ಬರುವ ಹುಡುಗರು ಇಂದಿಗೂ ನನ್ನನ್ನು ಕೇಳುವುದು ಒಂದೇ ಮಾತು: “ಅಣ್ಣಾರ, ಇದ್ರಾಗ ಯಾವ ಆ್ಯಪ್ ಚಲೋ ಐತ್ರಿ?” ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ್ಯಪ್‌ಗಳ ಹೆಸರು ಹೇಳುವುದಿಲ್ಲ, ಏಕೆಂದರೆ ನಾನೂ ಅದೇ ಪ್ರಶ್ನೆ ಹಿಡಿದುಕೊಂಡು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದವನು, ಮತ್ತು ಆಯ್ಕೆ ಮಾಡಲು ಅಲ್ಲಿ ಏನೂ ಇಲ್ಲವೆಂಬುದು ನನ್ನ ಲೆಕ್ಕದಿಂದಲೇ ನನಗೆ ತಿಳಿದುಬಂತು.

ಆ್ಯಪ್ ಹುಡುಕುವವರೆಲ್ಲ ಮೊದಲು ನೋಡುವುದು ಆಟಗಾರರಿಗೆ ಮರಳುವ ಹಣದ ಶೇಕಡಾವಾರನ್ನು. ‘ಶೇ 96 ಮರಳಿಕೆ’ ಎಂದು ಬರೆದಿದ್ದರೆ ನೂರಕ್ಕೆ ನಾಲ್ಕೇ ರೂಪಾಯಿ ನಷ್ಟವೆಂದು ನಾನೂ ಸಮಾಧಾನ ಪಟ್ಟುಕೊಂಡಿದ್ದೆ. ಆದರೆ ಆ ನಾಲ್ಕು ರೂಪಾಯಿಯನ್ನು ಮುರಿದುಕೊಳ್ಳುವುದು ಜೇಬಿನಿಂದ ಹಾಕಿದ ಹಣದ ಮೇಲೆ ಒಂದು ಸಲವಲ್ಲ, ಪಣವಿಟ್ಟ ಪ್ರತಿಯೊಂದು ರೂಪಾಯಿಯ ಮೇಲೆ ಪ್ರತಿ ಸಲ. ನಮ್ಮ ಭಾಗದ ರೈತರಿಗೆ ತೂಕದಲ್ಲಿ ಸೂಟು, ಅಂದರೆ ಕಡಿತ, ಮುರಿಯುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. 75 ಕಿಲೋ ಭತ್ತದ ಒಂದು ಚೀಲವನ್ನು ಕಾಟಾಕ್ಕೆ ಹಾಕಿ ನೂರಕ್ಕೆ ನಾಲ್ಕರಂತೆ ಸೂಟು ಮುರಿದು, ಉಳಿದದ್ದನ್ನು ಅದೇ ಕಾಟಾಕ್ಕೆ ಮತ್ತೆ ಹಾಕಿ ಮತ್ತೆ ಸೂಟು ಮುರಿಯುತ್ತ ಹೋದರೆ, ಹದಿನೇಳನೆಯ ತೂಕಕ್ಕೆ ಚೀಲ ಅರ್ಧವಾಗುತ್ತದೆ. ನೂರನೆಯ ತೂಕಕ್ಕೆ ಉಳಿಯುವುದು ಒಂದೂಕಾಲು ಕಿಲೋ. ಸ್ಲಾಟ್ ಮಾಡುವುದು ಇದನ್ನೇ. ಗೆದ್ದ ಹಣವನ್ನು ಯಾರೂ ಕೂಡಲೇ ತೆಗೆಯುವುದಿಲ್ಲ, ಅದನ್ನೇ ಮತ್ತೆ ಪಣಕ್ಕಿಡುತ್ತಾರೆ.

ಇದಕ್ಕೆ ವೇಗವನ್ನು ಸೇರಿಸಿ ನೋಡಬೇಕು. ಓಸಿ (ಮಟ್ಕಾ) ಬರೆಸಿದವನು ನಂಬರು ಬರುವವರೆಗೆ ಕಾಯಬೇಕು, ಅಂದರ್ ಬಾಹರ್ ಆಡುವವನು ಎಲೆ ಕಲಸುವವರೆಗಾದರೂ ಕಾಯಬೇಕು, ಆದರೆ ಸ್ಲಾಟಿನ ಚಕ್ರ ಮೂರು ಸೆಕೆಂಡಿಗೊಮ್ಮೆ ತಿರುಗುತ್ತದೆ. 500 ರೂಪಾಯಿ ಹಾಕಿ ತಿರುವಿಗೆ ಐದು ರೂಪಾಯಿಯಂತೆ ಆಡಿದರೆ ಪ್ರತಿ ತಿರುವಿಗೆ ಸರಾಸರಿ ಇಪ್ಪತ್ತು ಪೈಸೆ ಹೋಗುತ್ತದೆ, ನಿಮಿಷಕ್ಕೆ ಇಪ್ಪತ್ತು ತಿರುವುಗಳಾದರೆ ಗಂಟೆಯೊಂದಕ್ಕೆ 240 ರೂಪಾಯಿ. ಒಂದು ರಾತ್ರಿ ಹೋದದ್ದಕ್ಕಿಂತ ಹೆಚ್ಚು ಬರಬಹುದು, ನನಗೂ ಒಮ್ಮೆ ಒಂಬತ್ತು ಸಾವಿರ ಬಂದಿತ್ತು. ಆ ಒಂಬತ್ತು ಸಾವಿರವೇ ಮುಂದಿನ ಎರಡು ತಿಂಗಳು ನನ್ನನ್ನು ಆ ಆ್ಯಪ್‌ಗೆ ಕಟ್ಟಿಹಾಕಿತು. ಅಲ್ಲದೆ ಒಂದೇ ಆಟವನ್ನು ತಯಾರಕರು ಬೇರೆ ಬೇರೆ ಶೇಕಡಾವಾರುಗಳಲ್ಲಿ ಒದಗಿಸುವುದುಂಟು. ಯಾವುದನ್ನು ಹಾಕಿಕೊಳ್ಳಬೇಕೆಂದು ತೀರ್ಮಾನಿಸುವವರು ಆ್ಯಪ್ ನಡೆಸುವವರು.

ಇನ್ನು ಪರದೆಯ ಮೇಲೆ ಕಾಣುವುದನ್ನು ಹೇಳಬೇಕು. ಎರಡು ಏಳುಗಳು ಬಂದು ನಿಂತಿರುತ್ತವೆ, ಮೂರನೆಯ ಚಕ್ರ ಮಾತ್ರ ನಿಧಾನವಾಗುತ್ತದೆ, ಡೋಲಿನಂತಹ ಸದ್ದು ಏರುತ್ತದೆ, ಮೂರನೆಯ ಏಳು ಗೆರೆಯ ಮೇಲೆ ಬಂದಂತಾಗಿ ಒಂದು ಮನೆ ಕೆಳಗೆ ಜಾರಿ ನಿಲ್ಲುತ್ತದೆ. ರಾತ್ರಿ ಪಾಳಿಯಲ್ಲಿ ಮಿಲ್ಲಿನ ಆಫೀಸಿನೊಳಗೆ ಕುಳಿತು ಇದನ್ನು ನೋಡುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ, ‘ಸ್ವಲ್ಪದರಲ್ಲಿ ತಪ್ಪಿತು’ ಎನ್ನುತ್ತಿದ್ದೆ. ತಪ್ಪಿದ್ದು ಸ್ವಲ್ಪದರಲ್ಲಿ ಅಲ್ಲ. ಬೆರಳು ಒತ್ತಿದ ಕ್ಷಣವೇ ಕಂಪ್ಯೂಟರು ಒಂದು ಅಂಕಿಯನ್ನು ಆರಿಸಿಬಿಟ್ಟಿರುತ್ತದೆ, ಚಕ್ರದ ಓಟವೆಲ್ಲ ಆ ಅಂಕಿಗೆ ತಕ್ಕಂತೆ ಆಮೇಲೆ ಬಿಡಿಸಿದ ಚಿತ್ರ. 19ನೇ ಶತಮಾನದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ ಕಟ್ಟಿದ ಮೂರು ಚಕ್ರದ ಯಂತ್ರದಲ್ಲಿ ಕಣ್ಣಿಗೆ ಕಾಣುವ ಚಿತ್ರಗಳೇ ಸಾಧ್ಯತೆಗಳಾಗಿದ್ದವು. 1984ರಲ್ಲಿ ಇಂಗೆ ಟೆಲ್ನೇಸ್ ಎಂಬ ಸಂಶೋಧಕರಿಗೆ ಅಮೆರಿಕದಲ್ಲಿ ದೊರೆತ ಪೇಟೆಂಟಿನ ನಂತರ ಆ ಸಂಬಂಧ ಕಡಿದುಹೋಯಿತು: ಕಾಣುವ ಚಕ್ರದ ಹಿಂದೆ ಕಾಣದ, ಇನ್ನೂ ದೊಡ್ಡ ಚಕ್ರವೊಂದು ಕಂಪ್ಯೂಟರಿನೊಳಗೆ ಇರಬಹುದು, ದೊಡ್ಡ ಬಹುಮಾನದ ಚಿತ್ರಕ್ಕೆ ಅದರಲ್ಲಿ ಬಹಳ ಕಡಿಮೆ ಅಂಕಿಗಳನ್ನು ಕೊಡಬಹುದು. ಮೊಬೈಲಿನ ಸ್ಲಾಟ್ ಹುಟ್ಟಿದ್ದು ಈ ವಂಶದಲ್ಲಿ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಮೋಸಗೊಳಿಸಿದ್ದು ಗೆಲುವಿನ ವೇಷದ ಸೋಲು. ಇಪ್ಪತ್ತು ಸಾಲುಗಳ ಮೇಲೆ ಐವತ್ತು ಪೈಸೆಯಂತೆ ಹತ್ತು ರೂಪಾಯಿ ಪಣವಿಟ್ಟಾಗ ಒಂದು ಸಾಲಿನಲ್ಲಿ ನಾಲ್ಕು ರೂಪಾಯಿ ಬಂದರೆ ಆರು ರೂಪಾಯಿ ಹೋಗಿರುತ್ತದೆ, ಆದರೂ ಪರದೆಯ ಮೇಲೆ ನಾಣ್ಯಗಳು ಸುರಿಯುತ್ತವೆ, ‘ನೀವು ಗೆದ್ದಿರಿ’ ಎಂದು ಬರುತ್ತದೆ. ಸದ್ದು ಬಂದ್ ಮಾಡಿ, ಪ್ರತಿ ತಿರುವಿನ ಮುಂಚಿನ ಮತ್ತು ನಂತರದ ಶಿಲ್ಕನ್ನು ಮಾತ್ರ ಬರೆದುಕೊಂಡ ರಾತ್ರಿ, ನಾನು ಗೆಲುವು ಎಂದು ತಿಳಿದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಿನ ಕಲಮಿಗೆ ಸೇರಬೇಕಾದವು ಎಂದು ಗೊತ್ತಾಯಿತು.

ಬ್ರಿಟನ್ನಿನಲ್ಲಿ ಇಂತಹ ಸೋಲನ್ನು ಗೆಲುವೆಂದು ಸಂಭ್ರಮಿಸುವುದನ್ನು, ತಾನಾಗಿಯೇ ಆಡಿಕೊಳ್ಳುವ ಆಟೋಪ್ಲೇಯನ್ನು, ಎರಡೂವರೆ ಸೆಕೆಂಡಿಗಿಂತ ವೇಗದ ತಿರುವನ್ನು 2021ರ ಅಕ್ಟೋಬರ್ 31ರಿಂದಲೇ ಆನ್‌ಲೈನ್ ಸ್ಲಾಟ್‌ಗಳಲ್ಲಿ ನಿಷೇಧಿಸಲಾಗಿದೆ. 2025ರಲ್ಲಿ ತಿರುವೊಂದಕ್ಕೆ ಐದು ಪೌಂಡು, 18ರಿಂದ 24 ವಯಸ್ಸಿನವರಿಗೆ ಎರಡು ಪೌಂಡು ಎಂಬ ಮಿತಿಯೂ ಬಂತು. ಜೂಜಿಗೆ ಲೈಸೆನ್ಸ್ ಕೊಡುವ ದೇಶವೇ ಇಷ್ಟು ಹೆದರಿಕೊಂಡಿದೆ ಎಂಬುದನ್ನು ಗಮನಿಸಬೇಕು. ನಾನು ಬಳಸಿದ ಮೂರನೆಯ ಆ್ಯಪ್‌ನಲ್ಲಿ ಒಂದೇ ಒತ್ತಿಗೆ ಐನೂರು ತಿರುವು ತಾನಾಗಿಯೇ ಆಡುವ ಗುಂಡಿಯಿತ್ತು, ಅದರ ಪಕ್ಕದಲ್ಲಿ ವೇಗ ಹೆಚ್ಚಿಸುವ ಇನ್ನೊಂದು ಗುಂಡಿ.

ಹಣ ಹಾಕಿ ಆಡುವ ಸ್ಲಾಟ್‌ಗೆ ಭಾರತದ ಪ್ಲೇ ಸ್ಟೋರ್‌ನಲ್ಲಿ ಜಾಗವಿಲ್ಲ. ಅವು ಟೆಲಿಗ್ರಾಂ, ವಾಟ್ಸ್‌ಆ್ಯಪ್ ಲಿಂಕಿನ ಮೂಲಕ ಎಪಿಕೆ (ಸ್ಟೋರ್ ಇಲ್ಲದೆ ನೇರವಾಗಿ ಫೋನಿಗೆ ಹಾಕಿಕೊಳ್ಳುವ) ಫೈಲಾಗಿ ಬರುತ್ತವೆ. ಹಣ ತುಂಬುವಾಗ ಯುಪಿಐನಲ್ಲಿ ಕಾಣುವ ಹೆಸರು ಪ್ರತಿ ಸಲ ಬೇರೆ: ಒಮ್ಮೆ ಯಾರದೋ ಕಿರಾಣಿ ಅಂಗಡಿ, ಒಮ್ಮೆ ಯಾರೋ ಹೆಣ್ಣುಮಗಳು. ಅಂತಹ ಖಾತೆಗಳ ಮೇಲೆ ಸೈಬರ್ ದೂರು ದಾಖಲಾದರೆ ಅವುಗಳೊಂದಿಗೆ ವ್ಯವಹರಿಸಿದವರ ಖಾತೆಯೂ ಬ್ಯಾಂಕಿನಲ್ಲಿ ತಡೆಹಿಡಿಯಲ್ಪಡಬಹುದು ಎಂಬುದು ಆಗ ನನ್ನ ತಲೆಗೇ ಹೋಗಿರಲಿಲ್ಲ. ನಾಲ್ಕನೆಯ ಆ್ಯಪ್‌ನ ಕೆಳಗೆ ಆಟದಲ್ಲಿ ಮೋಸವಿಲ್ಲವೆಂದು ಪರೀಕ್ಷಿಸಿ ಹೇಳುವ ತಪಾಸಣಾ ಸಂಸ್ಥೆಯೊಂದರ ಮುದ್ರೆಯಿತ್ತು; ಒತ್ತಿದರೆ ಪ್ರಮಾಣಪತ್ರ ತೆರೆಯಬೇಕು. ಒತ್ತಿದೆ, ಏನೂ ತೆರೆಯಲಿಲ್ಲ. ಅದು ಅಂಟಿಸಿದ ಚಿತ್ರ.

ಬೋನಸ್ಸಿನ ಮಾತೂ ಹೀಗೆಯೇ. 500 ರೂಪಾಯಿ ಉಚಿತವಾಗಿ ಕೊಟ್ಟು ಅದರ ಮೂವತ್ತು ಪಟ್ಟು ಆಡಿದ ಮೇಲೆಯೇ ತೆಗೆಯಬೇಕೆಂಬ ಷರತ್ತಿದ್ದರೆ 15,000 ರೂಪಾಯಿ ಪಣವಿಡಬೇಕು. ನೂರಕ್ಕೆ ನಾಲ್ಕರಂತೆ ಸರಾಸರಿ ನಷ್ಟ 600 ರೂಪಾಯಿ. ಬರೀ ನಾಣ್ಯದಲ್ಲಿ ಆಡುವ ಆ್ಯಪ್‌ಗಳು ಪಾಪವಿಲ್ಲದವು ಎಂದು ಕೆಲವರು ಹೇಳುತ್ತಾರೆ. ನನ್ನ ಮೊದಲ ಆ್ಯಪ್ ಅಂಥದ್ದೇ. ನಾಣ್ಯ ಮುಗಿದಾಗ 89 ರೂಪಾಯಿಯ ಮೂಟೆಗಳನ್ನು ಕೊಂಡು ಮೂರು ತಿಂಗಳಲ್ಲಿ ಸುಮಾರು 4,300 ರೂಪಾಯಿ ಕೊಟ್ಟೆ, ಅಲ್ಲಿ ಗೆದ್ದರೂ ಒಂದು ಪೈಸೆ ಕೈಗೆ ಬರುವಂತಿರಲಿಲ್ಲ, ಆದರೆ ಬೆರಳಿಗೆ ಅಭ್ಯಾಸ ಹತ್ತಿದ್ದು ಅಲ್ಲಿಯೇ.

2024ರ ಮೇ ತಿಂಗಳಲ್ಲಿ ಚೀಟಿ ಎತ್ತಿದ 40,000 ರೂಪಾಯಿ ಮೂರು ವಾರದಲ್ಲಿ ಹೋಯಿತು. ಅದು ಮಗಳ ಪಿಯು ಅಡ್ಮಿಶನ್‌ಗೆ ಇಟ್ಟಿದ್ದ ಹಣ. ಪಾಸ್‌ಬುಕ್ಕಿನಲ್ಲಿ ಗುರುತಿಲ್ಲದ ಹೆಸರುಗಳನ್ನು ಕಂಡು ನನ್ನ ಹೆಂಡತಿ, “ಇವರೆಲ್ಲ ಯಾರ್ರೀ?” ಎಂದು ಒಂದೊಂದೇ ಹೆಸರು ಓದಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಅದಾದ ಮೇಲೂ ಒಂದು ವರ್ಷ ಆಡಿದೆ ಎಂಬುದನ್ನು ಮುಚ್ಚಿಡದೆ ಬರೆಯಬೇಕಾಗಿದೆ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣವಿಟ್ಟು ಆಡುವ ಆಟಗಳನ್ನು ಒದಗಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ. ಜಾಹೀರಾತು ಕೊಡುವವರನ್ನೂ ಬಿಡುವುದಿಲ್ಲ. ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ, ಆದ್ದರಿಂದ ಹಣ ಸಿಕ್ಕಿಕೊಂಡವರು ಹೆದರಿ ಸುಮ್ಮನಿರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು. ಬಿಡಲಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲು, ಇಂಟರ್‌ನೆಟ್ಟಿನ ಗೀಳಿಗೆಂದೇ ಶಟ್ ಕ್ಲಿನಿಕ್ ನಡೆಯುತ್ತಿದೆ. ನಾನು 14416ಕ್ಕೆ ಎರಡು ಸಲ ಮಾತಾಡಿದೆ, ಬ್ಯಾಂಕಿಗೆ ಹೋಗಿ ಯುಪಿಐ ದಿನದ ಮಿತಿಯನ್ನು 1,000 ರೂಪಾಯಿಗೆ ಇಳಿಸಿಕೊಂಡೆ, ಪಾಸ್‌ಬುಕ್ಕನ್ನು ಹೆಂಡತಿಯ ಕೈಗೆ ಕೊಟ್ಟೆ.

ಆಗಸ್ಟ್ ಮೊದಲ ವಾರ ನಾಲ್ಕನೆಯ ಆ್ಯಪ್‌ನಿಂದ 6,200 ರೂಪಾಯಿ ತೆಗೆಯಲು ಕೊಟ್ಟ ಅರ್ಜಿ ‘ಪರಿಶೀಲನೆಯಲ್ಲಿದೆ’ ಎಂದೇ ತೋರಿಸುತ್ತಿತ್ತು, ಆ್ಯಪ್ ತೆರೆಯುವುದು ನಿಂತುಹೋಗುವವರೆಗೆ. ಆ ಮೊತ್ತವನ್ನು ನಾನು ಜಮಾ ಕಡೆ ಹಿಡಿದಿಲ್ಲ.