ಉಳುಕುವ ಕಾಲಿಗೆ ಯಾವುದು ಸರಿ: ಮರದ ಬ್ಯಾಲೆನ್ಸ್ ಹಲಗೆಯೋ, ಗಾಳಿ ಡಿಸ್ಕೋ?

ಒಮ್ಮೆ ಪಾದದ ಕೀಲು ಉಳುಕಿದ ಪೈಲ್ವಾನರಿಗೆ, ಜುಡೊ ಮತ್ತು ಟೇಕ್ವಾಂಡೊ ಹುಡುಗರಿಗೆ ಅದೇ ಕಾಲು ಮತ್ತೆ ಮತ್ತೆ ಉಳುಕುವುದು ಮಾಮೂಲು. ಎಣ್ಣೆ ನೀವಿ ಕ್ರೇಪ್ ಬ್ಯಾಂಡೇಜ್ ಸುತ್ತಿದರೆ ನೋವು ತಗ್ಗೀತು, ಮರು ಉಳುಕು ನಿಲ್ಲದು. ಕೀಲಿನ ಹೊರಬದಿಯ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ತಂತು) ಹರಿದಾಗ, ಪಾದ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳಿಗೂ ಪೆಟ್ಟು ಬೀಳುತ್ತದೆ. ಪಾದ ಒಳಕ್ಕೆ ಹೊರಳುವಾಗ ಎಳೆದು ನಿಲ್ಲಿಸಬೇಕಾದ ಪೆರೋನಿಯಲ್ ಸ್ನಾಯು ತಡವಾಗಿ ಏಳುತ್ತದೆ. ಬ್ರಿಟನ್ನಿನ ಮೂಳೆವೈದ್ಯ ಫ್ರೀಮನ್ 1965ರಲ್ಲೇ ನರತುದಿಗಳ ಈ ಪೆಟ್ಟನ್ನು ಗುರುತಿಸಿ, ಸಮತೋಲನದ ವ್ಯಾಯಾಮವನ್ನು ಚಿಕಿತ್ಸೆಯಾಗಿ ಸೂಚಿಸಿದ್ದರು.

ಈ ವ್ಯಾಯಾಮಕ್ಕೆಂದು ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ಗಾಳಿ ಡಿಸ್ಕ್ ಸುಮಾರು 33 ಸೆಂ.ಮೀ. ಅಗಲದ ಪಿವಿಸಿ ದಿಂಬು. ಹಗುರ, ಕಿಟ್ ಬ್ಯಾಗಿನಲ್ಲಿ ಹಿಡಿಸುತ್ತದೆ. ಆರಂಭದ ಎರಡು ವಾರಕ್ಕೆ ಸಾಕು. ಆದರೆ ಭಾರಿ ಪೈಲ್ವಾನ ನಿಂತರೆ ನಡುಭಾಗ ತಗ್ಗಿ ಪಾದ ನೆಲಕ್ಕೇ ತಾಗುತ್ತದೆ, ಕೀಲಿಗೆ ಕೆಲಸವೇ ಇರುವುದಿಲ್ಲ. ವಿಜಯಪುರದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಡಿ ಬಿಟ್ಟರೆ ಪಿವಿಸಿ ಮೆತ್ತಗಾಗುತ್ತದೆ.

ನಮ್ಮ ಮತ ಮರದ ಹಲಗೆಗೆ. ಬಡಗಿಯ ಹತ್ತಿರವೇ ಮಾಡಿಸಬಹುದು: 18 ಮಿ.ಮೀ. ಪ್ಲೈವುಡ್, 40 ಸೆಂ.ಮೀ. ವ್ಯಾಸದ ವೃತ್ತ, ಅಡಿಯಲ್ಲಿ ನಟ್ಟನಡುವೆ ಗಟ್ಟಿಮರದ ಅರ್ಧಗೋಳ. ಗೋಳದ ಎತ್ತರದಲ್ಲಿ ತಪ್ಪಬಾರದು. 5 ಸೆಂ.ಮೀ. ಇದ್ದರೆ ಹಲಗೆ ಸುಮಾರು 15 ಡಿಗ್ರಿ ವಾಲಿ ಅಂಚು ನೆಲ ಮುಟ್ಟುತ್ತದೆ. 7 ಆದರೆ 20 ಡಿಗ್ರಿ ದಾಟುತ್ತದೆ, ಈಗಷ್ಟೇ ಮಾಯುತ್ತಿರುವ ಕಾಲಿಗೆ ಅದು ಅಪಾಯ. ಬೆಳಗಾವಿಯ ಮಳೆಗಾಲದಲ್ಲಿ ಸಾದಾ ಪ್ಲೈ ಉಬ್ಬಿ ಪದರ ಬಿಡುತ್ತದೆ. ನೀರು ತಡೆಯುವ ದರ್ಜೆಯದ್ದನ್ನೇ ಕೇಳಿ. ಮೇಲ್ಮೈಗೆ ಒರಟು ರಬ್ಬರ್ ಅಂಟಿಸಿ, ಸ್ಕ್ರೂ ತಲೆಗಳು ಮೇಲೆ ಏಳದಂತೆ ಒಳಗೆ ಇಳಿಸಿ.

ಬಳಸುವುದು ಬರಿಗಾಲಲ್ಲಿ, ತಾಲೀಮಿಗೆ ಮುಂಚೆ. ದಣಿದ ಮೇಲೆ ಹತ್ತುವುದು ಬೇಡ. ಮೊದಲು ನೆಲದ ಮೇಲೆಯೇ ಒಂಟಿಕಾಲಲ್ಲಿ 30 ಸೆಕೆಂಡು, ಮೂರು ಸಲ. ಆಮೇಲೆ ಕಣ್ಣು ಮುಚ್ಚಿ ಅಷ್ಟೇ. ಅದು ಅಲುಗದೆ ಬಂದ ಮೇಲೆ ಹಲಗೆ: ಎರಡು ಕಾಲು, ನಂತರ ಒಂಟಿಕಾಲು, ಕೊನೆಗೆ ಜೊತೆಗಾರ ಎಸೆದ ಚೆಂಡು ಹಿಡಿಯುತ್ತ. ಮಂಡಿ ತುಸು ಬಾಗಿರಲಿ. ಮಂಡಿ ಬಿಗಿಯಾದರೆ ಸೊಂಟವೇ ತೂಗಾಡಿ ಸಮತೋಲನ ಹಿಡಿಯುತ್ತದೆ, ಪಾದದ ಕೀಲು ಸುಮ್ಮನಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇದೇ. ವಾರಕ್ಕೆ ಮೂರು ದಿನದಂತೆ ಎಂಟು ವಾರ ನಡೆಯಲಿ. ನೋವು ಹೋಯಿತೆಂದು ಎರಡನೇ ವಾರಕ್ಕೇ ಬಿಡುವವರ ಕಾಲೇ ಮತ್ತೆ ಉಳುಕುತ್ತದೆ.

ಟೇಕ್ವಾಂಡೊದವರು ಒದೆಯುವ ಕಾಲಿಗಿಂತ ಊರಿದ ಕಾಲಿಗೆ ಹೆಚ್ಚು ಸಮಯ ಕೊಡಲಿ, ತಿರುಗಿ ಭಾರ ಹೊರುವುದು ಅದೇ. ಕೆಮ್ಮಣ್ಣಿನ ಅಖಾಡದಿಂದ ಮ್ಯಾಟಿಗೆ ಬಂದ ಪೈಲ್ವಾನರಿಗೆ ಅಪಾಯ ಬೇರೆ: ಮಣ್ಣು ಪಾದಕ್ಕೆ ಜಾಗ ಬಿಡುತ್ತದೆ, ಮ್ಯಾಟಿನ ಮೇಲೆ ಶೂ ಕಚ್ಚಿ ನಿಂತಾಗ ಮೈ ಮಾತ್ರ ತಿರುಗುತ್ತದೆ.

ಪ್ರಗತಿ ಅಳೆಯಲು ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ನೆಲಕ್ಕೆ ಹಾಸಿದ ಅಳತೆ ಟೇಪಿನ ಮೇಲೆ ಮುಂದಕ್ಕೆ ಎಷ್ಟು ಚಾಚಬಲ್ಲಿರಿ ನೋಡಿ. ಎರಡೂ ಬದಿಯ ವ್ಯತ್ಯಾಸ 4 ಸೆಂ.ಮೀ.ಗಿಂತ ಹೆಚ್ಚಿದ್ದರೆ ಪಂದ್ಯಕ್ಕೆ ಅವಸರ ಬೇಡ. ಹೊಸ ಉಳುಕಿನಲ್ಲಿ ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ, ಇಲ್ಲವೇ ಕೀಲಿನ ಮೂಳೆ ಒತ್ತಿದಾಗ ನೋವಿದ್ದರೆ, ಹಲಗೆ ಹತ್ತುವ ಮುಂಚೆ ಎಕ್ಸ್‌ರೇ ಆಗಲೇಬೇಕು.

ಲೇಸ್ ಕಟ್ಟುವ ಬ್ರೇಸ್ ಜೊತೆಗಿದ್ದರೆ ಒಳ್ಳೆಯದೇ, ಮರು ಉಳುಕು ಕಡಿಮೆಯಾಗುತ್ತದೆ. ಆದರೆ ಗಟ್ಟಿ ಪಟ್ಟಿಯಿರುವ ಬ್ರೇಸ್ ತೊಟ್ಟು ಜುಡೊ ಪಂದ್ಯಕ್ಕೆ ಇಳಿಯುವಂತಿಲ್ಲ. ಅಲ್ಲಿ ಕಾಲಿಗೆ ಬೆಂಬಲ ಕೊಡುವುದು ಹಲಗೆಯ ಮೇಲೆ ಕಲಿತ ಸ್ನಾಯು, ಅದರ ಮೇಲೊಂದು ಸುತ್ತು ಅಂಟು ಟೇಪು.